ಜೀವಕಣಗಳ ಮುಪ್ಪು ಮತ್ತು ಸರ್ಪಸುತ್ತು

ವಿದ್ಯಾರಣ್ಯಪುರದ ಮನೆಯೊಂದರಲ್ಲಿ ಎಪ್ಪತ್ತು ವರ್ಷದ ಅಜ್ಜನಿಗೆ ಸರ್ಪಸುತ್ತು ಎದ್ದಿದೆಯೆಂದು ಭಾವಿಸೋಣ. ಪಕ್ಕೆಯ ಒಂದು ಬದಿಯಲ್ಲಿ ಪಟ್ಟಿಯಂತೆ ಗುಳ್ಳೆಗಳು, ಸಹಿಸಲಾರದ ಉರಿ. ಹಾವಿನ ತಲೆ ಬಾಲಗಳು ಕೂಡಿದರೆ ಪ್ರಾಣವೇ ಹೋಗುವುದೆಂದು ಮನೆಯವರು ಹೆದರುತ್ತಾರೆ. ಈ ಭಯ ನಿರಾಧಾರವಾದುದು. ಒಂದು ನರದ ಹಾದಿ ಹಿಡಿದು ಏಳುವ ಗುಳ್ಳೆಗಳು ಸಾಮಾನ್ಯವಾಗಿ ಮೈಯ ನಡುಗೆರೆಯನ್ನು ದಾಟುವುದೇ ಇಲ್ಲ.

ನಿಜವಾದ ಆಶ್ಚರ್ಯ ಬೇರೆಯಿದೆ. ಈ ರೋಗ ಹೊರಗಿನಿಂದ ಬಂದುದಲ್ಲ. ಅಜ್ಜನಿಗೆ ಬಾಲ್ಯದಲ್ಲಿ ಸೀತಾಳೆ ಸಿಡುಬನ್ನು ತಂದ ವೈರಸ್ಸೇ ಬೆನ್ನುಹುರಿಯ ಪಕ್ಕದ ನರಗಂಟುಗಳಲ್ಲಿ ಅಷ್ಟು ವರ್ಷ ಅಡಗಿದ್ದು ಈಗ ಹೊರಬಿದ್ದಿದೆ. ಇಷ್ಟು ಕಾಲ ಅದನ್ನು ತಡೆದವರು ಯಾರು? ಈಗ ಸೋತುದೇಕೆ?

ತಡೆದವು ಟಿ-ಕಣಗಳೆಂಬ ಬಿಳಿಯ ರಕ್ತಕಣಗಳು. ಇವು ಎದೆಮೂಳೆಯ ಹಿಂದಿರುವ ಥೈಮಸ್ ಗ್ರಂಥಿಯಲ್ಲಿ ಪಕ್ವವಾಗುತ್ತವೆ. ವಿಚಿತ್ರವೆಂದರೆ, ಪ್ರಾಯ ತುಂಬುವ ವೇಳೆಗೇ ಈ ಗ್ರಂಥಿ ಕುಗ್ಗತೊಡಗಿ, ಅದರ ಜಾಗವನ್ನು ಕ್ರಮೇಣ ಕೊಬ್ಬು ಆಕ್ರಮಿಸುತ್ತದೆ. ಹೊಸ ಕಣಗಳು ಬಾರದಿದ್ದಾಗ ಹಳೆಯವೇ ಮತ್ತೆ ಮತ್ತೆ ಒಡೆದು ಸಂಖ್ಯೆಯನ್ನು ಕಾಯಬೇಕು.

ಜೀವಕಣ ಎಷ್ಟು ಸಲ ಒಡೆಯಬಲ್ಲುದು? ಅದಕ್ಕೆ ಮಿತಿಯೇ ಇಲ್ಲವೆಂದು 20ನೆಯ ಶತಮಾನದ ಪೂರ್ವಾರ್ಧದಲ್ಲಿ ವಿಜ್ಞಾನಿಗಳು ನಂಬಿದ್ದರು. 1961ರಲ್ಲಿ ಫಿಲಡೆಲ್ಫಿಯದ ಹೇಫ್ಲಿಕ್ ಮತ್ತು ಮೂರ್‌ಹೆಡ್ ಎಂಬುವರು ಗಾಜಿನ ಪಾತ್ರೆಯಲ್ಲಿ ಬೆಳೆಸಿದ ಮಾನವ ಜೀವಕಣಗಳು ಸುಮಾರು 50 ಸಲ ಇಮ್ಮಡಿಯಾಗಿ ನಿಂತುಬಿಡುವುದನ್ನು ತೋರಿಸಿದರು. ವರ್ಣತಂತುವಿನ ತುದಿಯಲ್ಲಿ ಟೆಲೊಮಿಯರ್ ಎಂಬ ಭಾಗವಿದೆ. ಸೆರಗಿನ ದಾರ ಬಿಚ್ಚಿಕೊಳ್ಳದಂತೆ ಕಟ್ಟಿದ ಕುಚ್ಚಿನಂತೆ. ಪ್ರತಿ ವಿಭಜನೆಯಲ್ಲಿಯೂ ಅದು ಸವೆಯುತ್ತದೆ. ಟಿ-ಕಣಗಳಲ್ಲಿ ಈ ಸವೆತವನ್ನು ತುಂಬಿಕೊಡುವ ಕಿಣ್ವವಿದ್ದರೂ ಅದು ತಕ್ಕಮಟ್ಟಿಗೆ ಮಾತ್ರ. ಮುಪ್ಪಾದ ಜೀವಕಣಗಳೆಲ್ಲ ಕೂಡಲೇ ಸಾಯುವುದೂ ಇಲ್ಲ. ಉರಿಯೂತವನ್ನು ಕೆರಳಿಸುವ ವಸ್ತುಗಳನ್ನು ಸ್ರವಿಸುತ್ತ ಉಳಿಯುತ್ತವೆ.

ಆದರೂ ಎಪ್ಪತ್ತಾದವರಿಗೆಲ್ಲ ಸರ್ಪಸುತ್ತು ಬಾರದು. ಪಂಚಾಂಗದ ವಯಸ್ಸು ಬೇರೆ, ಜೀವಕಣಗಳ ವಯಸ್ಸು ಬೇರೆ. ಎರಡನೆಯದನ್ನು ಅಳೆಯುವ ಮಾನಗಳು ಬಹುಮಟ್ಟಿಗೆ ಪಾಶ್ಚಾತ್ಯರನ್ನು ಪರೀಕ್ಷಿಸಿ ಪಡೆದವು. ಅವು ನಮಗೂ ಒಪ್ಪುವುವೆಂದು ಹೇಗೆ ನಂಬುವುದು? ವಿದ್ಯಾರಣ್ಯಪುರಕ್ಕೆ ದೂರವಲ್ಲದ ಭಾರತೀಯ ವಿಜ್ಞಾನ ಸಂಸ್ಥೆಯು 2024ರಲ್ಲಿ ‘ಲಾಂಜೆವಿಟಿ ಇಂಡಿಯಾ’ ಎಂಬ ಸಂಶೋಧನಾ ಕಾರ್ಯವನ್ನು ಆರಂಭಿಸಿ, ಭಾರತೀಯರ ಮುಪ್ಪಿನ ಗುರುತುಗಳನ್ನು ಭಾರತೀಯರಲ್ಲಿಯೇ ಹುಡುಕತೊಡಗಿದೆ.

ಮುದಿ ಟಿ-ಕಣಗಳನ್ನು ಎಚ್ಚರಿಸಲು ಸಾಧ್ಯವೆಂಬುದಂತೂ ಸಿದ್ಧವಾಗಿದೆ. ವೈರಸ್ಸಿನ ಒಂದು ಪ್ರೋಟೀನಿಗೆ ಉತ್ತೇಜಕವನ್ನು ಬೆರೆಸಿದ ಲಸಿಕೆ 70 ದಾಟಿದವರಲ್ಲಿಯೂ ಶೇಕಡ ಸುಮಾರು 90ರಷ್ಟು ರಕ್ಷಣೆ ನೀಡಿತು. 2023ರಿಂದ ಅದು ಭಾರತದಲ್ಲಿಯೂ ದೊರೆಯುತ್ತಿದೆ. ಬೆಲೆ ಮಾತ್ರ ಬಡವರಿಗೆ ಎಟುಕುವಂಥದಲ್ಲ.

ನಮ್ಮ ಅಜ್ಜನಿಗಾದರೋ ಗುಳ್ಳೆ ಎದ್ದ 72 ಗಂಟೆಗಳೊಳಗೆ ವೈದ್ಯರ ಔಷಧಿ ಆರಂಭವಾಗಬೇಕು. ಮೊಮ್ಮಗುವನ್ನು ಸ್ವಲ್ಪ ದೂರವಿಡಬೇಕು. ಗುಳ್ಳೆಯ ನೀರು ತಾಗಿದರೆ, ಹಿಂದೆ ಸೀತಾಳೆ ಬಾರದ, ಅದರ ಲಸಿಕೆಯೂ ಆಗದ ಆ ಮಗುವಿಗೆ ಬರುವುದು ಸರ್ಪಸುತ್ತಲ್ಲ, ಸೀತಾಳೆ.