ಸಯ್ಯಾಜಿ ರಾವ್ ರಸ್ತೆ: ಮುಚ್ಚಿದ ನಾಲೆಯ ಮೇಲೊಂದು ಬೆಳಗಿನ ನಡಿಗೆ

ಮೈಸೂರಿನ ಕೃಷ್ಣರಾಜ ವೃತ್ತದಿಂದ ಉತ್ತರಕ್ಕೆ ಹೊರಟು, ದೇವರಾಜ ಮಾರುಕಟ್ಟೆಯ ಮಗ್ಗುಲಲ್ಲಿ ಹಾದು, ಆಯುರ್ವೇದ ಕಾಲೇಜಿನ ವೃತ್ತವನ್ನು ದಾಟಿ ಬನ್ನಿಮಂಟಪದ ದಿಕ್ಕಿಗೆ ಸಾಗುವ ಸಯ್ಯಾಜಿ ರಾವ್ ರಸ್ತೆಯು ದಸರಾ ಮೆರವಣಿಗೆಯ ಚಿತ್ರಗಳ ಮೂಲಕ ನಾಡಿಗೆಲ್ಲ ಪರಿಚಿತವಾಗಿದ್ದರೂ, ಅದನ್ನೇ ನೋಡಬೇಕೆಂದು ಬರುವವರು ವಿರಳ. ಅರಮನೆ, ಮೃಗಾಲಯ, ಬೆಟ್ಟಗಳನ್ನು ಒಂದೇ ದಿನದಲ್ಲಿ ಮುಗಿಸಿ ಸಂಜೆಗೆ ಬೃಂದಾವನಕ್ಕೆ ಓಡುವ ಪ್ರವಾಸಿಗರು ಇದನ್ನು ರೇಷ್ಮೆ ಸೀರೆ ಕೊಳ್ಳುವ ಬೀದಿ ಎಂದಷ್ಟೇ ಬಲ್ಲರು. ಆ ಸ್ಥಳಗಳ ವಿವರ ಬೇರೆಡೆ ಹೇರಳವಾಗಿ ಸಿಗುವುದರಿಂದ, ಅವುಗಳಿಗೆ ಮೀಸಲಿಟ್ಟ ದಿನದಲ್ಲಿ ಒಂದು ಬೆಳಗನ್ನು ಕಡಿತ ಮಾಡಿ ಈ ಬೀದಿಗೆ ಕೊಡಬಯಸುವವರಿಗೆ ಬೇಕಾಗುವ ಸಂಗತಿಗಳನ್ನಷ್ಟೇ ಇಲ್ಲಿ ಹೇಳಲಾಗಿದೆ.

ಮೊದಲು ತಿಳಿದಿರಬೇಕಾದುದು, ಈ ರಸ್ತೆ ರಸ್ತೆಯಾಗಿ ಹುಟ್ಟಿದ್ದಲ್ಲ ಎಂಬುದು. 1799ರಿಂದ 1811ರವರೆಗೆ ಮೈಸೂರು ಸಂಸ್ಥಾನದ ದಿವಾನರಾಗಿದ್ದ ಪೂರ್ಣಯ್ಯನವರು ಕಾವೇರಿಯ ನೀರನ್ನು ಮೈಸೂರಿಗೆ ಹರಿಸುವ ಉದ್ದೇಶದಿಂದ ಕಾಲುವೆಯೊಂದನ್ನು ತೋಡಿಸಿದರು; ಜನರ ಬಾಯಲ್ಲಿ ಅದು ಪೂರ್ಣಯ್ಯನ ನಾಲೆ. ಆ ಉದ್ದೇಶ ಈಡೇರಲಿಲ್ಲ. ನದಿಯ ನೀರು ಬಾರದ ನಾಲೆಯಲ್ಲಿ ಮಳೆಗಾಲದ ನೀರು ಹರಿಯಿತು, ಊರು ಬೆಳೆದಂತೆ ಮನೆಮನೆಯ ಕೊಳಚೆಯೂ ಸೇರಿಕೊಂಡಿತು, ಕೊನೆಗೆ ನಗರದ ನಡುವೆ ಬಾಯ್ದೆರೆದ ಚರಂಡಿಯೊಂದು ಉಳಿಯಿತು. 19ನೆಯ ಶತಮಾನದ ಕೊನೆಯ ದಶಕಗಳಲ್ಲಿ ಆ ನಾಲೆಯನ್ನು ಮಣ್ಣು ತುಂಬಿ ಮುಚ್ಚಿ, ಅದರ ಮೇಲೆ ಅಗಲವಾದ ಬೀದಿಯನ್ನು ಹಾಕಿ, ಬರೋಡಾ ಸಂಸ್ಥಾನದ ದೊರೆ ಮೂರನೆಯ ಸಯ್ಯಾಜಿ ರಾವ್ ಗಾಯಕವಾಡರ ಹೆಸರನ್ನಿಟ್ಟರು. ಮೈಸೂರಿನ ಅತಿ ಗದ್ದಲದ ವ್ಯಾಪಾರದ ಬೀದಿ, ನೀರು ತರುವ ವಿಫಲ ಯೋಜನೆಯೊಂದರ ಮೇಲೆ ನಿಂತಿದೆ ಎಂಬುದನ್ನು ತಿಳಿಸುವ ಒಂದು ಫಲಕವಾದರೂ ನಡೆಯುವವನ ಕಣ್ಣಿಗೆ ಬೀಳುವಂತಿರಬೇಕಿತ್ತು.

ನಡಿಗೆಯನ್ನು ದಕ್ಷಿಣದಿಂದ ಉತ್ತರಕ್ಕೆ, ಬೆಳಗ್ಗೆ ಏಳರ ಹೊತ್ತಿಗೆ ಆರಂಭಿಸುವುದು ಲೇಸು. ಹತ್ತು ಗಂಟೆಯ ಅನಂತರ ಅಂಗಡಿಗಳ ಬಾಗಿಲು ತೆರೆದು, ಕಾಲುದಾರಿಯ ಮೇಲೆ ಸರಕು ಹರಡಿ, ಅಂಚಿನುದ್ದಕ್ಕೂ ದ್ವಿಚಕ್ರ ವಾಹನಗಳು ಸಾಲುಗಟ್ಟಿದ ಮೇಲೆ ಕಟ್ಟಡ ನೋಡಲು ತಲೆ ಎತ್ತಿದವರು ಯಾರಿಗಾದರೂ ಡಿಕ್ಕಿ ಹೊಡೆಯುವುದು ಖಂಡಿತ. ಕಾರನ್ನು ಉಳಿದುಕೊಂಡ ಕಡೆಯೇ ಬಿಟ್ಟು ಬರಬೇಕು. ನಗರ ಬಸ್ ನಿಲ್ದಾಣವು ಕೃಷ್ಣರಾಜ ವೃತ್ತದ ಪಕ್ಕದಲ್ಲೇ ಇರುವುದರಿಂದ ಬಸ್ಸಿನಲ್ಲಿ ಬಂದವರಿಗೆ ತೊಂದರೆಯೇ ಇಲ್ಲ. ಭಾನುವಾರ ಮತ್ತು ರಜಾದಿನಗಳ ಸಂಜೆ, ಸುಮಾರು ಒಂದು ಲಕ್ಷ ಬಲ್ಬುಗಳ ಅರಮನೆಯ ದೀಪಾಲಂಕಾರಕ್ಕೆ ಬಂದ ಜನವೆಲ್ಲ ಈ ಕಡೆಗೇ ಹರಿಯುವುದರಿಂದ ಆ ಹೊತ್ತನ್ನು ಬಿಟ್ಟುಬಿಡಬೇಕು.

ಕೃಷ್ಣರಾಜ ವೃತ್ತದ ನಡುವೆ, ಮಂಟಪದ ಕೆಳಗೆ ನಾಲ್ವಡಿ ಕೃಷ್ಣರಾಜ ಒಡೆಯರ ಪ್ರತಿಮೆಯಿದೆ. ಇಲ್ಲಿ ಐದು ನಿಮಿಷ ನಿಂತರೆ ನಗರದ ಯೋಜನೆಯ ಒಂದು ಮುಖ್ಯ ತತ್ತ್ವ ಅರಿವಿಗೆ ಬರುತ್ತದೆ: ಬೀದಿಗಳು ಒಂದು ವೃತ್ತದಲ್ಲಿ ಕೂಡಬೇಕು, ವೃತ್ತದ ನಡುವೆ ಕಣ್ಣು ನಿಲ್ಲುವ ಒಂದು ವಸ್ತುವಿರಬೇಕು, ಸುತ್ತಲಿನ ಕಟ್ಟಡಗಳು ಪರಸ್ಪರ ಹೊಂದುವಂತಿರಬೇಕು. 1897ರಲ್ಲಿ ಮರದ ಹಳೆಯ ಅರಮನೆ ಸುಟ್ಟುಹೋಗಿ, ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿಯ ವಿನ್ಯಾಸದಂತೆ 1912ರ ವೇಳೆಗೆ ಹೊಸದು ಎದ್ದ ಕಾಲದಲ್ಲಿ ಕೋಟೆಯೊಳಗಿನ ಮನೆಗಳು ತೆರವಾದವು. ಪ್ಲೇಗಿನ ಹಾವಳಿ ಇಕ್ಕಟ್ಟಾದ ಕೇರಿಗಳನ್ನು ಬಿಡಿಸುವ ಅಗತ್ಯವನ್ನು ಮನಗಾಣಿಸಿತು. 1903ರಲ್ಲಿ ನಗರಾಭಿವೃದ್ಧಿಗಾಗಿ ಒಂದು ಮಂಡಳಿಯೇ ರಚನೆಯಾಯಿತು. 1908ರಲ್ಲಿ ವಿದ್ಯುದ್ದೀಪ ಬಂದಾಗ, ನಾಲೆಯಾಗಿದ್ದ ಜಾಗ ಮೈಸೂರಿನ ಮೆರೆಯುವ ಬೀದಿಯಾಗಿತ್ತು.

ವೃತ್ತದಿಂದ ಪೂರ್ವಕ್ಕೆ ಸ್ವಲ್ಪ ಹೊರಳಿ ರಂಗಾಚಾರ್ಲು ಪುರಭವನದ ಮುಂದಿನ ದೊಡ್ಡ ಗಡಿಯಾರವನ್ನು ನೋಡಿ ಬರಬೇಕು. ನಾಲ್ವಡಿಯವರ ಆಳ್ವಿಕೆಯ ರಜತ ಮಹೋತ್ಸವದ ನೆನಪಿಗೆ ಅರಮನೆಯ ನೌಕರರು 1927ರಲ್ಲಿ ಕಟ್ಟಿಸಿದ ಈ ಎಪ್ಪತ್ತೈದು ಅಡಿಯ ಗೋಪುರದ ಗಡಿಯಾರದಲ್ಲಿ ಅಂಕಿಗಳು ಕನ್ನಡದವು, ಮತ್ತು ಆ ಒಂದು ಕಾರಣಕ್ಕೇ ಅದು ಅರಮನೆಯ ಸಾಲುಸಾಲು ತೈಲಚಿತ್ರಗಳಿಗಿಂತ ಹೆಚ್ಚು ನೋಡತಕ್ಕದ್ದು. ವೃತ್ತಕ್ಕೆ ಮರಳಿದರೆ ಮಾರುಕಟ್ಟೆಯ ದಕ್ಷಿಣದ ತುದಿಯಲ್ಲಿ ಚಿಕ್ಕ ಗಡಿಯಾರ ಕಾಣುತ್ತದೆ. ವೈಸರಾಯ್ ಡಫರಿನ್ ಮೈಸೂರಿಗೆ ಬಂದುದರ ಗುರುತಾಗಿ 1886ರಲ್ಲಿ ನಿಂತ ಇದರ ಸುತ್ತ ಈಗ ಸಣ್ಣ ವ್ಯಾಪಾರಿಗಳ ಸಂತೆಯೇ ನೆರೆದಿರುತ್ತದೆ. ಸನಿಹದಲ್ಲೇ ಇನ್ನೊಬ್ಬ ವೈಸರಾಯ್ ಲ್ಯಾನ್ಸ್‌ಡೌನ್ ಅವರ ಭೇಟಿಯ ನೆನಪಿಗೆ 1892ರಲ್ಲಿ ಕಟ್ಟಿದ ಲ್ಯಾನ್ಸ್‌ಡೌನ್ ಕಟ್ಟಡವಿದೆ. ಹಳೆಯ ಪುಸ್ತಕಗಳ ಅಂಗಡಿಗಳಿಗೆ ಹೆಸರಾಗಿದ್ದ ಈ ಕಟ್ಟಡದ ಒಂದು ಭಾಗ 2012ರ ಆಗಸ್ಟಿನಲ್ಲಿ ಕುಸಿದು ನಾಲ್ವರು ಸತ್ತರು. ಹೊರಗಿನಿಂದ ನೋಡಿದರೆ ಸಾಕು. ಛಾಯಾಚಿತ್ರದ ಆಸೆಗೆ ಒಳನುಗ್ಗುವುದು ಮೂರ್ಖತನ.

ದೇವರಾಜ ಮಾರುಕಟ್ಟೆಗೆ ಕನಿಷ್ಠ ಒಂದು ಗಂಟೆ ಬೇಕು. ಚಿಕ್ಕ ಗಡಿಯಾರದಿಂದ ಧನ್ವಂತರಿ ರಸ್ತೆಯವರೆಗೆ ಚಾಚಿರುವ ಈ ಉದ್ದನೆಯ ಆಯತದ ಅಂಚಿನ ಅಂಗಡಿಗಳು ಬೀದಿಗೆ ಮುಖ ಮಾಡಿದ್ದು, ಅವುಗಳ ಬೆನ್ನಿಗೆ ಒಳಗಿನ ಓಣಿಗಳು ಹೆಣೆದುಕೊಂಡಿವೆ. ಆದ್ದರಿಂದ ಸೀರೆ, ಪಾತ್ರೆ, ಸಿಹಿತಿಂಡಿಯ ಅಂಗಡಿಗಳನ್ನು ನೋಡುತ್ತ ಹೋದವನಿಗೆ ಗೋಡೆಯ ಆಚೆ ಹೂವಿನ ಲೋಕವೊಂದಿದೆ ಎಂಬ ಸುಳಿವೇ ಸಿಗುವುದಿಲ್ಲ. ಒಳಹೊಕ್ಕರೆ ಮೊದಲು ಮೂಗಿಗೆ ತಾಗುವುದು ಮೈಸೂರು ಮಲ್ಲಿಗೆ. ಹೂವನ್ನು ಇಲ್ಲಿ ಮೊಳ ಮತ್ತು ಮಾರುಗಳಲ್ಲಿ ಅಳೆಯುತ್ತಾರೆ. ಮೊಳವೆಂದರೆ ಮೊಣಕೈಯಿಂದ ಬೆರಳ ತುದಿಯವರೆಗಿನ ಅಳತೆ, ಮಾರೆಂದರೆ ಚಾಚಿದ ಎರಡು ತೋಳುಗಳ ಅಳತೆ, ಮತ್ತು ಅಳೆಯುವ ಕೈ ಗಿಡ್ಡವಾಗಿದ್ದರೆ ನಷ್ಟ ಕೊಳ್ಳುವವರದು. ವರಮಹಾಲಕ್ಷ್ಮಿ ವ್ರತ, ಆಯುಧಪೂಜೆಗಳ ಹಿಂದಿನ ದಿನ ಬೆಲೆ ಎಲ್ಲಿ ನಿಲ್ಲುತ್ತದೆಂದು ವ್ಯಾಪಾರಿಗೂ ತಿಳಿಯದು. ವೀಳ್ಯದೆಲೆಯ ಕಟ್ಟುಗಳು, ರಾಶಿ ಹಾಕಿದ ಬಾಳೆಯ ಗೊನೆಗಳು, ಶಂಕುವಿನಂತೆ ಪೇರಿಸಿದ ಕುಂಕುಮ ಮತ್ತು ಬಣ್ಣದ ಪುಡಿಗಳು ಅನಂತರ ಬರುತ್ತವೆ. ನಂಜನಗೂಡು ರಸಬಾಳೆ ಎಂದು ಕೂಗಿ ಮಾರುವುದೆಲ್ಲ ರಸಬಾಳೆಯಲ್ಲ. ಆ ತಳಿ ಬೆಳೆಯುವ ತೋಟಗಳೇ ಅಪರೂಪವಾಗಿರುವಾಗ ಬುಟ್ಟಿ ತುಂಬ ಸಿಗುವ ಹಣ್ಣನ್ನು ಶಂಕೆಯಿಂದಲೇ ನೋಡಬೇಕು.

ಈ ಮಾರುಕಟ್ಟೆಯ ಉತ್ತರದ ದ್ವಾರದ ಭಾಗ 2016ರ ಆಗಸ್ಟಿನಲ್ಲಿ, ದುರಸ್ತಿ ನಡೆಯುತ್ತಿದ್ದಾಗಲೇ ಬಿದ್ದುಹೋಯಿತು. ಇಡೀ ಕಟ್ಟಡವನ್ನು ಕೆಡವಿ ಹೊಸದಾಗಿ ಕಟ್ಟಬೇಕೆಂಬ ಪಕ್ಷಕ್ಕೂ, ಸುಣ್ಣದ ಗಾರೆಯ ಹಳೆಯ ಗೋಡೆಗಳನ್ನು ಬಲಪಡಿಸಿ ಉಳಿಸಬೇಕೆಂಬ ಪಕ್ಷಕ್ಕೂ ಆಮೇಲೆ ನ್ಯಾಯಾಲಯಗಳವರೆಗೆ ಜಗ್ಗಾಟ ನಡೆದಿದೆ. ಕಾಳಜಿಯಿಲ್ಲದೆ ದಶಕಗಳ ಕಾಲ ಬಿಟ್ಟು, ಬಿದ್ದ ಮೇಲೆ ಕಟ್ಟಡದ ವಯಸ್ಸನ್ನು ದೂರುವುದು ನ್ಯಾಯವಲ್ಲ. ತೀರ್ಮಾನ ಏನೇ ಆಗಲಿ, ನೋಡುವವರು ಬೇಗ ನೋಡುವುದು ಒಳ್ಳೆಯದು.

ಮಾರುಕಟ್ಟೆಯ ಸುತ್ತ ಕಾಡುವ ಒಂದು ಪೀಡೆಯ ಬಗ್ಗೆ ಎಚ್ಚರ ಅಗತ್ಯ. ಚೆನ್ನಾಗಿ ಉಡುಪು ಧರಿಸಿದ ಒಬ್ಬಾತ ತಾನಾಗಿಯೇ ಮಾತಿಗಿಳಿದು, ಮಾರುಕಟ್ಟೆ ಇನ್ನೂ ತೆರೆದಿಲ್ಲವೆಂದೋ, ಈ ದಿನ ಮಾತ್ರ ಬೇರೊಂದು ವಿಶೇಷ ಸಂತೆ ಇದೆಯೆಂದೋ ನಂಬಿಸಿ, ತೀರ ಕಡಿಮೆ ಬಾಡಿಗೆಗೆ ಆಟೊ ಹತ್ತಿಸುತ್ತಾನೆ. ಆಟೊ ಹೋಗಿ ನಿಲ್ಲುವುದು ಊದುಬತ್ತಿ ಮತ್ತು ಗಂಧದೆಣ್ಣೆಯ ಅಂಗಡಿಯ ಮುಂದೆ. ಅಲ್ಲಿ ಮುಂಗೈಗೆ ಹತ್ತು ಬಗೆಯ ತೈಲ ಸವರಿ, ಚಹಾ ಕೊಟ್ಟು, ಸಂಕೋಚಕ್ಕೆ ಸಿಲುಕಿಸಿ, ಶುದ್ಧ ಶ್ರೀಗಂಧದೆಣ್ಣೆ ಎಂಬ ಹೆಸರಿನಲ್ಲಿ ಪುಟ್ಟ ಸೀಸೆಗೆ ಬಾಯಿಗೆ ಬಂದ ಬೆಲೆ ಹೇಳುತ್ತಾರೆ. ಇಂಥವರ ಕಣ್ಣು ವಿದೇಶೀಯರ ಮೇಲೂ ಉತ್ತರ ಭಾರತದವರ ಮೇಲೂ ಹೆಚ್ಚು. ಕನ್ನಡದಲ್ಲಿ ಒಂದು ಮಾತು ಆಡಿದರೆ ಅರ್ಧ ಪೀಡೆ ತೊಲಗುತ್ತದೆ, ‘ಬೇಡಪ್ಪಾ, ನಮ್ಮನೆ ಇಲ್ಲೇ’ ಎಂದರೆ ಪೂರ್ತಿ ತೊಲಗುತ್ತದೆ. ಗಂಧದ ಕೆತ್ತನೆ, ಬೀಟೆಮರದ ಕುಸುರಿ ಬೇಕಾದವರಿಗೆ ಇದೇ ಬೀದಿಯಲ್ಲಿ ಸರ್ಕಾರಿ ನಿಗಮದ ಕಾವೇರಿ ಎಂಪೋರಿಯಂ ಇದೆ. ಅಲ್ಲಿ ಬೆಲೆ ಅಗ್ಗವಲ್ಲ, ಆದರೆ ನಿಗದಿತ.

ತಿನ್ನುವ ವಿಷಯದಲ್ಲಿ ಒಂದೇ ಮಾತು ಸಾಕು. ಮೈಸೂರು ಪಾಕನ್ನು ಅರಮನೆಯ ಬಾಣಸಿಗ ಕಾಕಾಸುರ ಮಾದಪ್ಪನವರು ರೂಪಿಸಿದರೆಂಬ ಪ್ರತೀತಿಯಿದ್ದು, ಅವರ ವಂಶದವರ ಗುರು ಸ್ವೀಟ್ ಮಾರ್ಟ್ ಮಾರುಕಟ್ಟೆಯ ಕಟ್ಟಡದಲ್ಲೇ, ಬೀದಿಗೆ ಮುಖ ಮಾಡಿಕೊಂಡಿದೆ. ಡಬ್ಬಿ ಕಟ್ಟಿಸಿಕೊಂಡು ಊರಿಗೆ ಹೊತ್ತೊಯ್ದ ಪಾಕಿಗೂ, ಅಲ್ಲೇ ನಿಂತು ಕಾಗದದ ಮೇಲೆ ತಿಂದ ತುಣುಕಿಗೂ ಹೋಲಿಕೆಯಿಲ್ಲ.

ಧನ್ವಂತರಿ ರಸ್ತೆಯ ಕೂಡುದಾರಿಯನ್ನು ದಾಟಿದ ಮೇಲೆ ಕೃಷ್ಣರಾಜೇಂದ್ರ ಆಸ್ಪತ್ರೆಯ ಆವರಣ, ಇರ್ವಿನ್ ರಸ್ತೆ ಸೇರುವಲ್ಲಿ ಆಯುರ್ವೇದ ಕಾಲೇಜು ಸಿಗುತ್ತವೆ. ಅಲ್ಲಿಂದ ಮುಂದೆ ಆರ್‌ಎಂಸಿ ವೃತ್ತ, ಬಂಬೂ ಬಜಾರ್, ಹೈವೇ ವೃತ್ತಗಳವರೆಗಿನ ದಾರಿ ನಡೆಯುವವರಿಗೆ ನೀರಸವಾದುದು. ನಗರ ಬಸ್ ಹತ್ತುವುದೇ ಜಾಣತನ.

ಆದರೆ ಈ ನೀರಸ ಭಾಗವೂ ಸೇರಿದಂತೆ ಅರಮನೆಯಿಂದ ಬನ್ನಿಮಂಟಪದವರೆಗಿನ ಸುಮಾರು ಐದು ಕಿಲೋಮೀಟರಿನ ದಾರಿಯನ್ನು ವರ್ಷವಿಡೀ ಆಳುವುದು ಒಂದು ಸಂಜೆಯ ಮೆರವಣಿಗೆ. ವಿಜಯದಶಮಿಯ ದಿನ ಸುಮಾರು 750 ಕಿಲೋ ತೂಕದ ಚಿನ್ನದ ಅಂಬಾರಿಯನ್ನು ಹೊತ್ತ ಆನೆ ಸಾಗುವ ಈ ಮೆರವಣಿಗೆಗೆ ಜಂಬೂ ಸವಾರಿ ಎಂದು ಹೆಸರು. ಅಂಬಾರಿಯೆಂದರೆ ಆನೆಯ ಬೆನ್ನಿನ ಮೇಲಿಡುವ ಮಂಟಪಾಕಾರದ ಪೀಠ. ಮೊದಲು ಅದರಲ್ಲಿ ಮಹಾರಾಜರು ಕುಳಿತಿರುತ್ತಿದ್ದರು, ಈಗ ಚಾಮುಂಡೇಶ್ವರಿಯ ಮೂರ್ತಿ ಇರುತ್ತದೆ. ಅಂಬಾರಿಯ ಶಿಖರಕ್ಕೆ ತಾಗದಂತೆ ಮರದ ಕೊಂಬೆಗಳನ್ನು ಸವರುವುದು, ದಾರಿಗೆ ಅಡ್ಡ ಬರುವುದನ್ನು ತೆಗೆಯುವುದು, ಗುಂಡಿ ಮುಚ್ಚುವುದು ಎಲ್ಲವೂ ದಸರೆಯ ಲೆಕ್ಕದಲ್ಲೇ ನಡೆಯುತ್ತವೆ. ರಾಜಮಾರ್ಗ ಎಂಬ ಯೋಜನೆಯಡಿ ಅಂಚಿಗೆ ಅಲಂಕಾರದ ಕಂಬಿ, ದೀಪಗಳನ್ನು ಹಾಕಿದ್ದೂ ಮೆರವಣಿಗೆಯ ಕಾರಣಕ್ಕೇ. ದಿನವೂ ನಡೆಯುವವನ ಅನುಕೂಲ ಆಮೇಲಿನ ಮಾತು.

ಆದ್ದರಿಂದ ಬೀದಿಯನ್ನು ನೋಡಬೇಕೆನ್ನುವವರು ವಿಜಯದಶಮಿಯಂದು ಬರಲೇಬಾರದು. ಅಂದು ಕಾಣುವುದು ಮುಂದಿನವರ ಬೆನ್ನು, ಮೇಲೆ ಅಂಬಾರಿಯ ತುದಿ. ಮೆರವಣಿಗೆಯನ್ನೇ ನೋಡಬೇಕೆಂದಿದ್ದರೆ ಬೆಳಗ್ಗೆಯೇ ಬಂದು, ನೀರು ಮತ್ತು ಬುತ್ತಿ ಕಟ್ಟಿಕೊಂಡು, ಆಯುರ್ವೇದ ಕಾಲೇಜಿನ ವೃತ್ತದಿಂದ ಆಚೆಗೆ ಅಂಚಿನ ಜಾಗ ಹಿಡಿಯಬೇಕು. ಮಾರುಕಟ್ಟೆಯ ಎದುರಿನ ಸಾಲು ಎಲ್ಲಕ್ಕಿಂತ ಮೊದಲು ತುಂಬುತ್ತದೆ. ಹಳೆಯ ಕಟ್ಟಡಗಳ ಮಾಳಿಗೆ ಏರುವುದಕ್ಕೆ ಪೊಲೀಸರ ನಿರ್ಬಂಧವಿದ್ದು, ಅದನ್ನು ಮೀರಿ ಹತ್ತಿಸುತ್ತೇವೆಂದು ಹಣ ಕೇಳುವವರ ಹಿಂದೆ ಹೋಗಕೂಡದು. ಆನೆಗಳು ದಾಟಿದ ಮೇಲೆ ಜನವೆಲ್ಲ ಒಮ್ಮೆಗೇ ಬಸ್ ನಿಲ್ದಾಣಕ್ಕೆ ನುಗ್ಗುವುದರಿಂದ, ರಾತ್ರಿಯ ರೈಲು ಹಿಡಿಯುವವರು ಧನ್ವಂತರಿ ರಸ್ತೆಯ ಕಡೆಗೆ ತಿರುಗಿ ರೈಲು ನಿಲ್ದಾಣಕ್ಕೆ ನಡೆದೇ ಹೋಗಬೇಕು. ಆ ಹೊತ್ತಿನಲ್ಲಿ ಆಟೊ ಸಿಗುವುದಿಲ್ಲ.