‘ಕ್ಯಾಂಡಿಡಿಯಾಸಿಸ್’: ಒಂದು ರೋಗನಾಮದ ಅರ್ಥ ಮತ್ತು ಕಾಗುಣಿತ

ಸೇಡಂ, ಚಿತ್ತಾಪುರ, ಚಿಂಚೋಳಿ ತಾಲ್ಲೂಕುಗಳಲ್ಲಿಯೂ ವಾಡಿ, ಶಹಾಬಾದ್‌ಗಳಂಥ ಕಾರ್ಮಿಕ ಪಟ್ಟಣಗಳಲ್ಲಿಯೂ ಕನ್ನಡದೊಡನೆ ತೆಲುಗು ಮತ್ತು ದಖನಿ ಉರ್ದು ನಿತ್ಯವೂ ಕಿವಿಗೆ ಬೀಳುತ್ತವೆ. ಸ್ತ್ರೀಯರನ್ನು ಬಾಧಿಸುವ ಒಂದು ತೊಂದರೆಗೆ ಕನ್ನಡದಲ್ಲಿ ‘ಬಿಳಿಸೆರಗು’, ತೆಲುಗಿನಲ್ಲಿ ‘ತೆಲ್ಲಬಟ್ಟ’, ಉರ್ದುವಿನಲ್ಲಿ ‘ಸಫೇದ್ ಪಾನಿ’ ಎಂಬ ಹೆಸರುಗಳಿವೆ. ಮೂರೂ ನಿಂತಿರುವುದು ಬಿಳಿಯ ಬಣ್ಣದ ಮೇಲೆ. ಆಧುನಿಕ ವೈದ್ಯದ ‘ಕ್ಯಾಂಡಿಡಿಯಾಸಿಸ್’ ಎಂಬ ಪದದ ಒಡಲಲ್ಲಿಯೂ ಅದೇ ಬಣ್ಣವಿದೆ. ಆದರೆ ಈ ಬಿಳುಪುಗಳು ಒಂದೇ ಅಲ್ಲ; ಒಂದೆಂದು ಬಗೆದಲ್ಲಿ ಔಷಧವೇ ತಪ್ಪುತ್ತದೆ.

ಲ್ಯಾಟಿನ್ ಭಾಷೆಯಲ್ಲಿ ‘ಕ್ಯಾಂಡಿಡಸ್’ ಎಂದರೆ ಹೊಳೆಯುವ ಬಿಳುಪು. ಪ್ರಾಚೀನ ರೋಮಿನಲ್ಲಿ ಅಧಿಕಾರಸ್ಥಾನಗಳಿಗೆ ಸ್ಪರ್ಧಿಸುವವರು ಸೀಮೆಸುಣ್ಣ ಬಳಿದು ಬೆಳ್ಳಗೆ ಮಾಡಿದ ನಿಲುವಂಗಿ ತೊಡುತ್ತಿದ್ದರು. ಚುನಾವಣೆಯ ‘ಕ್ಯಾಂಡಿಡೇಟ್’ ಹುಟ್ಟಿದ್ದು ಅಲ್ಲಿಂದ. 1923ರಲ್ಲಿ ಡಚ್ ವಿದುಷಿ ಕ್ರಿಸ್ಟೀನ್ ಬರ್ಕ್‌ಹೌಟ್ ಒಂದು ಶಿಲೀಂಧ್ರ ಕುಲಕ್ಕೆ ‘ಕ್ಯಾಂಡಿಡ’ ಎಂಬ ಹೆಸರನ್ನಿಟ್ಟರು. ಅದಕ್ಕೆ ಮುನ್ನ ಈ ಶಿಲೀಂಧ್ರವನ್ನು, ಕಂಠಹಾರ ಎಂಬರ್ಥದ ಲ್ಯಾಟಿನ್ ಶಬ್ದದಿಂದ, ‘ಮೊನಿಲಿಯ’ ಎಂದು ಕರೆಯಲಾಗುತ್ತಿತ್ತು. ಆದುದರಿಂದ ಹಳೆಯ ವೈದ್ಯಗ್ರಂಥಗಳಲ್ಲಿ ‘ಮೊನಿಲಿಯಾಸಿಸ್’ ಎಂದು ಕಂಡರೆ ಅದು ಬೇರೊಂದು ರೋಗವಲ್ಲ. ಈ ಕುಲದಲ್ಲಿ ಮನುಷ್ಯನನ್ನು ಹೆಚ್ಚಾಗಿ ಕಾಡುವ ಜಾತಿ ‘ಕ್ಯಾಂಡಿಡ ಆಲ್ಬಿಕನ್ಸ್’. ‘ಆಲ್ಬಿಕನ್ಸ್’ ಎಂದರೂ ಬೆಳ್ಳಗಾಗುವುದೇ! ನಮ್ಮ ವೈಯಾಕರಣರು ಇದನ್ನು ಪುನರುಕ್ತಿದೋಷವೆಂದು ತಳ್ಳಿಹಾಕುತ್ತಿದ್ದರೇನೋ. ಜೀವಶಾಸ್ತ್ರದ ನಾಮಕರಣಕ್ಕೆ ಆ ಅಳುಕಿಲ್ಲ.

ಇನ್ನು ಕಾಗುಣಿತ. ಪದವನ್ನು ಬಿಡಿಸಿದರೆ ‘ಕ್ಯಾಂಡಿಡ’ ಮತ್ತು ‘ಇಯಾಸಿಸ್’ ಎಂದಾಗುತ್ತದೆ. ಎರಡನೆಯದು ರೋಗಸ್ಥಿತಿಯನ್ನು ಸೂಚಿಸುವ ಗ್ರೀಕ್ ಪ್ರತ್ಯಯ. ಆನೆಕಾಲು ರೋಗವನ್ನು ಕಂಡಿರುವ ಕಲಬುರಗಿ ಜಿಲ್ಲೆಗೆ ‘ಫೈಲೇರಿಯಾಸಿಸ್’ ಎಂಬ ಶಬ್ದ ಹೊಸತಲ್ಲ. ಅಲ್ಲಿಯೂ ‘ಅಮೀಬಿಯಾಸಿಸ್’ನಲ್ಲಿಯೂ ಇರುವುದು ಇದೇ ಪ್ರತ್ಯಯ. ಅವಸರದಲ್ಲಿ ಒಂದು ‘ಡಿ’ಯನ್ನು ನುಂಗಿ ‘ಕ್ಯಾಂಡಿಯಾಸಿಸ್’ ಎಂದು ಬರೆದರೆ ಮೂಲಧಾತುವೇ ಮುರಿಯುತ್ತದೆ. ಇಂಗ್ಲಿಷಿನ ಉಚ್ಚಾರಣೆಯನ್ನು ಅನುಸರಿಸಿ ‘ಕ್ಯಾಂಡಿಡಯಾಸಿಸ್’ ಎಂದು ಬರೆಯುವುದು ತಪ್ಪಲ್ಲ. ‘ಕ್ಯಾಂಡಿಡೋಸಿಸ್’ ಎಂಬ ರೂಪವೂ ಉಂಟು. ಬ್ರಿಟಿಷ್ ಲೇಖಕರಲ್ಲಿ ಹಲವರಿಗೆ ಅದೇ ಪ್ರಿಯ.

ಕನ್ನಡದಲ್ಲಿ ಏನೆನ್ನಬೇಕು? ಯೀಸ್ಟ್ ಎಂಬುದಕ್ಕೆ ‘ಕಿಣ್ವ’ ಎಂಬ ಶಬ್ದ ಥಟ್ಟನೆ ಹೊಳೆಯಬಹುದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮದ್ಯ ತಯಾರಿಕೆಯ ಹುದುಗಿಗೆ ಬಂದಿರುವ ಹೆಸರು ಅದೇ. ಆದರೆ ನಮ್ಮ ಪಠ್ಯಪುಸ್ತಕಗಳು ಆ ಶಬ್ದವನ್ನು ಎಂಜೈಮ್‌ಗೆ ಕೊಟ್ಟುಬಿಟ್ಟಿವೆ. ಎಂಜೈಮ್ ಜೀವಿಯಲ್ಲ, ಅದರಿಂದ ಸೋಂಕು ತಗಲದು. ‘ಯೀಸ್ಟ್ ಸೋಂಕು’ ಎಂಬ ಬೆರಕೆಯ ಪದ ಕೆಲವರಿಗೆ ರುಚಿಸದು. ಸಮಾಸದಲ್ಲಿ ಅನ್ಯಭಾಷಾ ಪದಗಳ ಬೆರಕೆಯ ಪ್ರಶ್ನೆಯನ್ನು ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವೇ ಎತ್ತಿತ್ತು, ಅದು ರಚಿತವಾದುದು ನೃಪತುಂಗನ ಆಸ್ಥಾನದಲ್ಲಿ, ಅವನ ರಾಜಧಾನಿ ಮಾನ್ಯಖೇಟವೇ ಸೇಡಂ ತಾಲ್ಲೂಕಿನ ಇಂದಿನ ಮಳಖೇಡ. ಆದರೂ ರೋಗಿಗೆ ತಿಳಿಯುವ ಬೆರಕೆ, ತಿಳಿಯದ ಶುದ್ಧಪದಕ್ಕಿಂತ ಮೇಲು.

ಜನರ ‘ಬಿಳಿ’ ಒಂದು ಲಕ್ಷಣದ ಹೆಸರು. ‘ಕ್ಯಾಂಡಿಡ’ ಒಂದು ಜೀವಿಯ ಹೆಸರು. ಬಿಳಿಸೆರಗಿಗೆ ಬ್ಯಾಕ್ಟೀರಿಯಾ ಕಾರಣವಾಗಬಹುದು, ಟ್ರೈಕೊಮೊನಾಸ್ ಎಂಬ ಏಕಕೋಶಜೀವಿ ಕಾರಣವಾಗಬಹುದು, ಕೆಲವೊಮ್ಮೆ ರೋಗವೇ ಇರದೆಯೂ ಇರಬಹುದು. ತುರಿಕೆಯಿದ್ದು, ಸ್ರಾವ ಒಡೆದ ಮೊಸರಿನಂತಿದ್ದರೆ ವೈದ್ಯರು ಕ್ಯಾಂಡಿಡವನ್ನು ಶಂಕಿಸುತ್ತಾರೆ. ಸೂಕ್ಷ್ಮದರ್ಶಕದಡಿ ಮೊಗ್ಗೊಡೆಯುವ ಕಣಗಳೂ ಎಳೆಗಳೂ ಕಂಡರೆ ಶಂಕೆ ದೃಢವಾಗುತ್ತದೆ. ಬ್ಯಾಕ್ಟೀರಿಯಾ ಕೊಲ್ಲುವ ಮಾತ್ರೆಗಳು ಈ ಶಿಲೀಂಧ್ರವನ್ನು ಮುಟ್ಟುವುದಿಲ್ಲ. ಅದನ್ನು ಹದ್ದಿನಲ್ಲಿಟ್ಟಿದ್ದ ಇತರ ಜೀವಾಣುಗಳನ್ನು ಅಳಿಸಿ ಅದರ ಬೆಳವಣಿಗೆಗೆ ಎಡೆಮಾಡಿಕೊಡುವುದೂ ಉಂಟು. ಪದೇ ಪದೇ ಮರುಕಳಿಸಿದರೆ ಸಕ್ಕರೆ ಕಾಯಿಲೆಯ ಪರೀಕ್ಷೆಯೂ ಅವಶ್ಯ.

ಹಸುಗೂಸುಗಳ ನಾಲಿಗೆಯ ಬಿಳುಪಿನಲ್ಲಿಯೂ ಇದೇ ಗೊಂದಲವುಂಟು. ಹಾಲಿನ ಕೆನೆಯಾದರೆ ಒದ್ದೆಬಟ್ಟೆಯಿಂದ ಮೃದುವಾಗಿ ಒರೆಸಿದೊಡನೆ ಹೋಗುತ್ತದೆ. ಕ್ಯಾಂಡಿಡದ ಪದರ ಅಷ್ಟು ಸುಲಭವಾಗಿ ಬಿಡದು, ಬಿಟ್ಟರೂ ಅಡಿಯಲ್ಲಿ ಕೆಂಪಾದ ಹಸಿ ಚರ್ಮ ಕಾಣುತ್ತದೆ.