ಸೊಂಟ ದಪ್ಪವಾದರೆ ತಲೆ ತಗ್ಗಿಸಬೇಡ

ತಂಗಿ,

ಊಟ ಹೆಚ್ಚಿಸಿಲ್ಲ, ಕೆಲಸ ಕಡಿಮೆ ಮಾಡಿಲ್ಲ, ಆದರೂ ಹೊಟ್ಟೆ ಬರುತ್ತಿದೆ ಅಂದೆಯಲ್ಲ, ಅದು ನಿನ್ನ ಸೋಮಾರಿತನದ ಫಲವಲ್ಲ. ಎಷ್ಟೋ ಮನೆಗಳಲ್ಲಿ ನಿನ್ನ ವಯಸ್ಸಿನವರ ಬಾಯಲ್ಲಿ ಇದೇ ಮಾತು. ಯಾರೂ ಬಿಡಿಸಿ ಹೇಳದ ಕಾರಣ ಹೆಣ್ಣುಮಕ್ಕಳು ತಮ್ಮನ್ನೇ ಹಳಿದುಕೊಳ್ಳುತ್ತಾರೆ. ನೀನು ಹಾಗೆ ಮಾಡಬೇಡ.

ಕೊಬ್ಬಿನ ಕೋಶವೆಂದರೆ ಕಣಜವಿದ್ದ ಹಾಗೆ. ಉಂಡಾಗ ತುಂಬಿಕೊಳ್ಳುತ್ತದೆ, ದುಡಿದಾಗ ತೆಗೆದುಕೊಡುತ್ತದೆ. ಮೈಯ ಯಾವ ಭಾಗದಲ್ಲಿ ತುಂಬಬೇಕು, ಎಲ್ಲಿಂದ ತೆಗೆಯಬೇಕು ಎಂಬುದರಲ್ಲಿ ಅಂಡಾಶಯದ ಈಸ್ಟ್ರೋಜೆನ್ ಹಾರ್ಮೋನಿನ ಕೈವಾಡ ದೊಡ್ಡದು. ಮುಟ್ಟಾಗುವ ವಯಸ್ಸಿನಲ್ಲಿ ಅದು ಕೊಬ್ಬನ್ನು ತೊಡೆ, ಪಿರ್ರೆಗಳ ಕಡೆ ಕೂಡಿಡುತ್ತದೆ. ಬಸಿರು, ಬಾಣಂತನದ ದಿನಗಳಿಗೆ ಅದು ಮೀಸಲು. ನಮ್ಮ ದೇಶದಲ್ಲಿ ಸಾಮಾನ್ಯವಾಗಿ 46–47ರ ಆಸುಪಾಸಿನಲ್ಲಿ ಮುಟ್ಟು ನಿಲ್ಲುತ್ತದೆ. ಈಸ್ಟ್ರೋಜೆನ್ ಇಳಿದಂತೆ ಕೊಬ್ಬು ಹೊಟ್ಟೆಯೊಳಗೆ, ಕರುಳಿನ ಸುತ್ತ ಸೇರತೊಡಗುತ್ತದೆ. ಅಲ್ಲಿಂದ ಹೊರಡುವ ಕೊಬ್ಬಿನಾಮ್ಲ ನೇರವಾಗಿ ಪಿತ್ತಜನಕಾಂಗಕ್ಕೆ ಹೋಗುವುದರಿಂದ ಇನ್ಸುಲಿನ್ ಮಂಕಾಗಿ ಸಕ್ಕರೆ ಏರುವ ದಾರಿ ತೆರೆಯುತ್ತದೆ.

ಮುಟ್ಟು ನಿಲ್ಲುವಾಗ ಏರುವ ಎಫ್‌ಎಸ್‌ಎಚ್ ಎಂಬ ಇನ್ನೊಂದು ಹಾರ್ಮೋನೂ ಇದೆ. 2017ರಲ್ಲಿ ನ್ಯೂಯಾರ್ಕಿನ ವಿಜ್ಞಾನಿ ಮೋನೆ ಜೈದಿ ಅವರ ತಂಡ ಇಲಿಗಳಲ್ಲಿ ಅದನ್ನು ತಡೆದು ನೋಡಿತು. ಇಲಿಗಳ ಮೈಕೊಬ್ಬು ಇಳಿಯಿತು, ಕೊಬ್ಬಿನ ಕೋಶಗಳು ಶಾಖ ಹೊರಡಿಸಿ ಕೊಬ್ಬನ್ನು ಉರಿಸತೊಡಗಿದವು. ಆದರೆ ಅದು ಇಲಿಗಳ ಮಾತು. ಹಾರ್ಮೋನು ಸರಿಪಡಿಸಿ ಹೊಟ್ಟೆ ಕರಗಿಸುತ್ತೇವೆಂದು ಪುಡಿ, ಗುಳಿಗೆ ಮಾರುವವರಿಗೆ ದುಡ್ಡು ಕೊಡಬೇಡ.

ತೂಕ ಸರಿಯಿದೆಯೆಂದು ನೆಮ್ಮದಿಯಾಗಿಯೂ ಕೂರಬೇಡ. ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಅವರು 2004ರಲ್ಲಿ ಬ್ರಿಟನ್ನಿನ ಡಾ. ಜಾನ್ ಯುಡ್ಕಿನ್ ಅವರ ಜೊತೆ ತಮ್ಮನ್ನೇ ಹೋಲಿಸಿ ತೋರಿಸಿದರು. ಎತ್ತರಕ್ಕೆ ತಕ್ಕ ತೂಕದ ಅಳತೆಯಾದ ಬಿಎಂಐ ಇಬ್ಬರದೂ 22.3. ಮೈಕೊಬ್ಬು ಮಾತ್ರ ಯುಡ್ಕಿನ್‌ಗೆ ಶೇ 9.1, ಯಾಜ್ಞಿಕ್‌ಗೆ ಶೇ 21.2. ನಮ್ಮವರ ಕೊಬ್ಬು ತಕ್ಕಡಿಯ ಕಣ್ಣು ತಪ್ಪಿಸುತ್ತದೆ. ಆದ್ದರಿಂದ ಟೇಪು ಹಿಡಿ: ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟು ಅಳೆ. 80 ಸೆಂಟಿಮೀಟರ್ ದಾಟಿದ್ದರೆ ಸಕ್ಕರೆ, ಬಿಪಿ, ಕೊಲೆಸ್ಟರಾಲ್ ಪರೀಕ್ಷೆ ಮಾಡಿಸು.

ಇನ್ನೊಂದು ಮಾತು, ಇದನ್ನು ಗಟ್ಟಿಯಾಗಿ ಹಿಡಿದುಕೋ. ಮುಟ್ಟಿನ ಕಾಟಕ್ಕೆ "ಪಿಶವಿ (ಗರ್ಭಕೋಶ) ತೆಗೆಸಿಬಿಡು" ಅನ್ನುವವರು ನಿನ್ನ ಸುತ್ತಲೂ ಇರುತ್ತಾರೆ. ನಿನ್ನೂರಿನ ಪಕ್ಕದ ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರ ಕಥೆ ಗೊತ್ತಲ್ಲ? ನಮ್ಮ ಬೆಳಗಾವಿ ಕಡೆಯ ಗದ್ದೆಗಳಿಗೂ ಅವರು ಬರುತ್ತಾರೆ. ಗಂಡ ಹೆಂಡತಿ ಸೇರಿ ಒಂದು ಕೋಯ್ತಾ, ಅಂದರೆ ಒಂದು ಕುಡುಗೋಲಿನ ಲೆಕ್ಕ; ಒಂದು ದಿನ ತಪ್ಪಿದರೆ ದಂಡ. ಮುಟ್ಟಿನಿಂದ ಕೆಲಸ ತಪ್ಪಬಾರದೆಂದು ಎಷ್ಟೋ ಮಂದಿ ಗರ್ಭಕೋಶ ತೆಗೆಸಿಕೊಂಡರು. ಮಹಾರಾಷ್ಟ್ರ ಸರ್ಕಾರ ಶಾಸಕಿ ನೀಲಂ ಗೋರ್ಹೆ ಅವರ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿದ 2019ರಲ್ಲಿ ಲೆಕ್ಕ ಹೊರಬಿತ್ತು: ವಿಚಾರಿಸಿದ ಸುಮಾರು 82 ಸಾವಿರ ಹೆಂಗಸರಲ್ಲಿ 13 ಸಾವಿರಕ್ಕೂ ಹೆಚ್ಚು ಮಂದಿಗೆ ಗರ್ಭಕೋಶವೇ ಇರಲಿಲ್ಲ. ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆದರೆ, ವರ್ಷಗಟ್ಟಲೆ ನಿಧಾನವಾಗಿ ಇಳಿಯಬೇಕಾದ ಈಸ್ಟ್ರೋಜೆನ್ ಕೆಲವೇ ದಿನಗಳಲ್ಲಿ ಕುಸಿಯುತ್ತದೆ. ಹೊಟ್ಟೆಯ ಕೊಬ್ಬು, ಮೂಳೆ, ಹೃದಯ ಮೂರಕ್ಕೂ ಅದರ ಪೆಟ್ಟು. ಯಾರಾದರೂ ಆಪರೇಷನ್ ಅಂದರೆ ಕೇಳು: ಬೇರೆ ಚಿಕಿತ್ಸೆ ಇಲ್ಲವೇ? ಅಂಡಾಶಯ ಉಳಿಸುತ್ತೀರಾ? ಆಮೇಲೆ ಸರ್ಕಾರದ ಘಾಟಿ ಆಸ್ಪತ್ರೆಗೋ ಇನ್ನೊಬ್ಬ ವೈದ್ಯರ ಬಳಿಗೋ ಹೋಗಿ ಮತ್ತೊಮ್ಮೆ ತೋರಿಸು. ಈಗಾಗಲೇ ಮಾಡಿಸಿಕೊಂಡ ಗೆಳತಿಯರಿದ್ದರೆ, ಏನೇನು ತೆಗೆದಿದ್ದಾರೆಂದು ಡಿಸ್ಚಾರ್ಜ್ ಕಾಗದದಲ್ಲಿ ನೋಡಲು ಹೇಳು. 45ಕ್ಕೆ ಮೊದಲೇ ಅಂಡಾಶಯ ಹೋಗಿದ್ದರೆ ಹಾರ್ಮೋನು ಚಿಕಿತ್ಸೆ ಬೇಕೇ ಎಂದು ಅವರು ವೈದ್ಯರನ್ನು ಕೇಳಲೇಬೇಕು.

ಹಾಗೆಂದು ಕೊಬ್ಬನ್ನು ಶತ್ರುವೆಂದುಕೊಳ್ಳಬೇಡ. ಮುಟ್ಟು ನಿಂತ ಮೇಲೆ ಮೈಗೆ ಸಿಗುವ ಚೂರುಪಾರು ಈಸ್ಟ್ರೋಜೆನ್ ಬಹುಪಾಲು ಕೊಬ್ಬಿನ ಕೋಶಗಳಲ್ಲೇ, ಅರೋಮಟೇಸ್ ಎಂಬ ಕಿಣ್ವದಿಂದ ತಯಾರಾಗುತ್ತದೆ. ಕೊಬ್ಬು ಮಿತಿಮೀರಿದರೆ ಅದೇ ಈಸ್ಟ್ರೋಜೆನ್ ಗರ್ಭಕೋಶದ ಒಳಪದರವನ್ನು ಬೆಳೆಸುತ್ತಲೇ ಹೋಗಿ ಕ್ಯಾನ್ಸರಿನ ಭಯ ತರುತ್ತದೆ. ಅದಕ್ಕೇ ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ ನಾಚಿಕೊಂಡು ಮುಚ್ಚಿಡದೆ ವೈದ್ಯರಿಗೆ ತೋರಿಸು.

ಉಪವಾಸದಿಂದ ಹೊಟ್ಟೆ ಕರಗಿಸಲು ಹೋಗಬೇಡ. ಏಕಾದಶಿಯ ಸಾಬೂದಾಣಿ ಖಿಚಡಿಯಲ್ಲಿರುವುದು ಬರೀ ಪಿಷ್ಟ, ಎಣ್ಣೆ, ಶೇಂಗಾ; ಹಸಿದು ಕೂತರೆ ಸ್ನಾಯುವೂ ಕರಗುತ್ತದೆ. ಸಕ್ಕರೆಯನ್ನು ಹೀರಿಕೊಂಡು ಉರಿಸುವುದು ಮುಖ್ಯವಾಗಿ ಸ್ನಾಯುವೇ. ಜೋಳದ ಭಾಕರಿ ಒಂದು ಕಡಿಮೆ ಮಾಡಿ ಮಟಕಿ ಉಸಳಿ, ಬೇಳೆ, ಮೊಸರು ಹೆಚ್ಚಿಸು. ದಿನಾ ಅರ್ಧ ಗಂಟೆ ಬಿರುಸಾಗಿ ನಡೆ. ವಾರಕ್ಕೆ ಎರಡು ದಿನವಾದರೂ ಕುರ್ಚಿಯಿಂದ ಎದ್ದು ಕೂರುವುದು, ಭಾರ ಎತ್ತುವುದು ಮಾಡು.

ಮನೆಮಂದಿಗೆಲ್ಲ ಬಡಿಸಿದ ಮೇಲೆ ಉಳಿದದ್ದನ್ನು ಉಣ್ಣುವ ರೂಢಿ ಬಿಟ್ಟು, ಎಲ್ಲರ ಜೊತೆ ತಟ್ಟೆ ಹಾಕಿಕೊಂಡು ಕೂತು ಉಣ್ಣು. ಈ ತಿಂಗಳೇ ಪರೀಕ್ಷೆ ಮಾಡಿಸಿ ನನಗೆ ತಿಳಿಸು.